ಮನೆವಾರ್ತೆ: ಒಳಮನೆಯ ಗಿಡಗಳೂ ದೀಪದ ಗಡಿಯಾರವೂ

ಬಿಸಿಲಿಗೆ ಬಡತನವಿಲ್ಲದ ಸೀಮೆ ನಮ್ಮದು. ಹೀಗಿರಲು ಮನೆಯೊಳಗೆ ಗಿಡಗಳನ್ನಿಟ್ಟು, ಅವುಗಳ ಮೇಲೆ ವಿದ್ಯುದ್ದೀಪಗಳನ್ನು ತೂಗುಹಾಕಿ ಬೆಳೆಸುವುದೆಂದರೆ ಹಾಡುಹಗಲಿನಲ್ಲಿ ದೀವಟಿಗೆ ಹಿಡಿದಂತಲ್ಲವೇ ಎಂದು ವಾಚಕರು ಕೇಳಬಹುದು. ಎರಡು ವರ್ಷಗಳ ಹಿಂದೆ ಕವಲಂದೆಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗ ನಾನೂ ಇದೇ ಮಾತನ್ನಾಡಿ, ಸೋದರಳಿಯನಿಂದ ಒಂದು ಉಪನ್ಯಾಸವನ್ನೇ ಕೇಳಿಸಿಕೊಳ್ಳಬೇಕಾಯಿತು. ಉಪನ್ಯಾಸದಲ್ಲಿ ಸತ್ಯಾಂಶವಿದ್ದುದರಿಂದ ನಾನು ಸುಮ್ಮನಾದೆನು. ಆದರೆ ಮುಂದೆ ಅದೇ ಕೊಠಡಿಯಲ್ಲಿ ನಡೆದ ಒಂದು ಪ್ರಸಂಗವು ನಮ್ಮೆಲ್ಲರನ್ನೂ ಬೆಚ್ಚಿಬೀಳಿಸಿತು. ಗಿಡಕ್ಕಾಗಲಿ, ಮೀನಿನ ತೊಟ್ಟಿಗಾಗಲಿ, ಅಂಗಳದ ಬೆಳಕಿಗಾಗಲಿ, ಗಡಿಯಾರವನ್ನು ನಂಬಿ ದೀಪ ಹಚ್ಚುವ ಮನೆಗಳು ಈಗ ಹೆಚ್ಚುತ್ತಿರುವುದರಿಂದ ಈ ತಿಂಗಳ ಮನೆವಾರ್ತೆಗೆ ಅದೇ ವಿಷಯವನ್ನೆತ್ತಿಕೊಂಡಿದ್ದೇನೆ.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಕವಲಂದೆಯೆಂಬ ನಿಲ್ದಾಣವಿದೆಯಷ್ಟೆ. ಅಕ್ಕನದು ಹಳೆಯ ಹಂಚಿನ ಮನೆ. ಹಿಂಬದಿಯಲ್ಲಿ, ಹಿಂದೆ ರಾಗಿಯ ಚೀಲಗಳನ್ನು ಒಟ್ಟುತ್ತಿದ್ದ ಒಂದು ಕೊಠಡಿಯುಂಟು. ಅದಕ್ಕೆ ಇರುವುದು ಒಂದೇ ಗವಾಕ್ಷಿ. ಅಲ್ಲಿ ಅಳಿಯನು ಆರು ಅಂತಸ್ತಿನ ಕಬ್ಬಿಣದ ಅಟ್ಟಣಿಗೆಯೊಂದನ್ನು ನಿಲ್ಲಿಸಿ, ಅಂತಸ್ತಿಗೆ ನಾಲ್ಕರಂತೆ ಇಪ್ಪತ್ತನಾಲ್ಕು ಎಲ್.ಇ.ಡಿ. ಟ್ಯೂಬುಗಳನ್ನು ಕಟ್ಟಿದ್ದನು. ಕೆಳಗಿನ ತಟ್ಟೆಗಳಲ್ಲಿ ಸೇವಂತಿಗೆಯ ಕುಡಿಗಳು ಬೇರುಬಿಡುತ್ತಿದ್ದವು. ಮೇಲಿನ ಎರಡು ಅಂತಸ್ತುಗಳಲ್ಲಿ ಕುಡಿಗಳನ್ನು ಚಿವುಟಿಕೊಳ್ಳುವುದಕ್ಕಾಗಿ ಇಟ್ಟಿದ್ದ ತಾಯಿಗಿಡಗಳು.

“ನಮ್ಮೂರಿನಲ್ಲಿ ಬಿಸಿಲು ಧಾರಾಳವಾಗಿದೆ, ಮಾವ. ಆದರೆ ಈ ಗಿಡಕ್ಕೆ ಹಗಲು ಸಾಲದು” ಎಂದನು ಅಳಿಯ.

ಈ ಮಾತಿನ ಅರ್ಥವನ್ನು ತುಸು ಬಿಡಿಸಿ ಹೇಳಬೇಕು. ಬೆಳಕು ಗಿಡಕ್ಕೆ ಆಹಾರವನ್ನು ಸಿದ್ಧಪಡಿಸಿಕೊಳ್ಳುವ ಶಕ್ತಿಯನ್ನು ಕೊಡುವುದೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಬೆಳಕಿನಿಂದ ಗಿಡವು ಕಾಲವನ್ನೂ ತಿಳಿದುಕೊಳ್ಳುವುದು. ಅಮೆರಿಕದ ವ್ಯವಸಾಯ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬೇಸಗೆಯಲ್ಲಿ ಎಷ್ಟು ಎತ್ತರಕ್ಕೆ ಬೆಳೆದರೂ ಹೂಬಿಡದ ಹೊಗೆಸೊಪ್ಪಿನ ತಳಿಯೊಂದನ್ನು ಹಿಡಿದು ಪರೀಕ್ಷೆ ನಡೆಸಿದರು. ಆ ಗಿಡವನ್ನು ಪ್ರತಿದಿನವೂ ಕೆಲವು ಗಂಟೆಗಳ ಕಾಲ ಕತ್ತಲೆ ಕೋಣೆಯಲ್ಲಿಟ್ಟು ಹಗಲನ್ನು ಮೊಟಕುಗೊಳಿಸಿದಾಗ ಅದು ಹೂವಿಗೆ ಬಂದಿತು. ಹಗಲಿರುಳುಗಳ ಅಳತೆಯೇ ಹೂವಿನ ಕಾಲವನ್ನು ನಿರ್ಣಯಿಸುವುದೆಂಬ ಈ ಸಂಗತಿಯನ್ನು ಅವರು ೧೯೨೦ರಲ್ಲಿ ಪ್ರಕಟಿಸಿದರು. ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂತಹ ಗಿಡಗಳು ಅಳೆಯುವುದು ಮುಖ್ಯವಾಗಿ ಇರುಳನ್ನೇ ಎಂದು ತೋರಿಸಿದರು. ದೀರ್ಘವಾದ ಇರುಳಿನ ನಡುವೆ ಸ್ವಲ್ಪಕಾಲ ದೀಪ ಹಚ್ಚಿದರೆ ಸಾಕು, ಗಿಡವು ಆ ಇರುಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸೇವಂತಿಗೆಯೂ ಇದೇ ಜಾತಿಯ ಗಿಡ. ಹಗಲು ಹದಿಮೂರೂವರೆ ಹದಿನಾಲ್ಕು ಗಂಟೆಗಳಿಗಿಂತ ಕಡಮೆಯಾದರೆ, ತಳಿಗೆ ತಕ್ಕಂತೆ, ಅದು ಬೆಳೆಯುವುದನ್ನು ಬಿಟ್ಟು ಮೊಗ್ಗು ಕಟ್ಟಲು ತೊಡಗುವುದು; ಅಲ್ಲಿಂದ ಎಂಟು ಹತ್ತು ವಾರಗಳಲ್ಲಿ ಹೂವು. ನಮ್ಮ ಕವಲಂದೆಯ ಸೀಮೆಯಲ್ಲಾದರೋ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಕೂಡ ಸುಮಾರು ಹನ್ನೆರಡೂಮುಕ್ಕಾಲು ಗಂಟೆಯನ್ನು ದಾಟುವುದಿಲ್ಲ. ಡಿಸೆಂಬರಿನಲ್ಲಿ ಹನ್ನೊಂದೂವರೆಗೆ ಇಳಿಯುವುದು. ಆದುದರಿಂದ ಕುಡಿಯು ಬೇರೂರಿ ಮೊಳದುದ್ದ ಬೆಳೆಯುವ ಮೊದಲೇ ಮೊಗ್ಗು ಕಾಣಿಸಿಕೊಂಡು, ಹೂವು ಸಣ್ಣದಾಗಿ, ಕಾಂಡ ಗಿಡ್ಡಾಗಿ ಉಳಿಯುವುದುಂಟು. ಗುಂಡ್ಲುಪೇಟೆ, ಚಿಕ್ಕಬಳ್ಳಾಪುರಗಳ ಕಡೆ ರಾತ್ರಿ ಪ್ರಯಾಣಮಾಡಿದವರು ಸೇವಂತಿಗೆಯ ಹೊಲಗಳಲ್ಲಿ ಸಾಲುಸಾಲಾಗಿ ಉರಿಯುವ ಬಲ್ಬುಗಳನ್ನು ಕಂಡು ಜಾತ್ರೆಯೋ ಏನೋ ಎಂದುಕೊಂಡಿರಬಹುದು. ಅದು ಗಿಡಕ್ಕೆ ಹಗಲು ಇನ್ನೂ ಮುಗಿದಿಲ್ಲವೆಂದು ನಂಬಿಸುವ ಏರ್ಪಾಡು. ಹೊಲದ ಗಿಡಕ್ಕೆ ಆಹಾರವು ಸೂರ್ಯನಿಂದಲೇ ದೊರೆಯುವುದರಿಂದ ರಾತ್ರಿ ಹತ್ತರಿಂದ ಎರಡರವರೆಗೆ ಮಂದವಾದ ಬೆಳಕು ಸಾಕು. ಒಳಮನೆಯ ಗಿಡಕ್ಕೆ ದೀಪವೇ ಸೂರ್ಯನೂ ಆಗಬೇಕಾದುದರಿಂದ ಅಳಿಯನು ಬೆಳಗಿನ ಜಾವ ನಾಲ್ಕರಿಂದ ರಾತ್ರಿ ಎಂಟರವರೆಗೆ, ಅಂದರೆ ಹದಿನಾರು ಗಂಟೆ, ದೀಪ ಉರಿಸುತ್ತಿದ್ದನು.

ಇದೇನೂ ಅವನೊಬ್ಬನ ಹುಚ್ಚಲ್ಲ. ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ತೋಟಗಳಿಂದ ಬಹುಮಟ್ಟಿಗೆ ಮಾಯವಾದ ನಮ್ಮ ನಂಜನಗೂಡಿನ ರಸಬಾಳೆಯನ್ನು ಉಳಿಸಿಕೊಳ್ಳಲು ಅಂಗಾಂಶ ಕೃಷಿಯ ಮೊರೆಹೊಕ್ಕಿರುವುದನ್ನು ವಾಚಕರು ಕೇಳಿರಬಹುದು. ಅಂತಹ ಪ್ರಯೋಗಶಾಲೆಗಳಲ್ಲಿ ಗಾಜಿನ ಸೀಸೆಯೊಳಗಿನ ಎಳೆಯ ಸಸಿಗಳು ಸೂರ್ಯನನ್ನೇ ಕಾಣವು. ಇಪ್ಪತ್ತೈದು ಡಿಗ್ರಿಯ ಆಸುಪಾಸಿನ ಉಷ್ಣತೆ, ದೀಪದ ಹದಿನಾರು ಗಂಟೆ ಹಗಲು, ಎಂಟು ಗಂಟೆ ಇರುಳು: ಇದು ಅಲ್ಲಿಯ ಸಾಮಾನ್ಯ ಕ್ರಮ. ಅಲ್ಲಿಯೂ ದೀಪವನ್ನು ಹೊತ್ತಿಸಿ ಆರಿಸುವುದು ಮನುಷ್ಯರಲ್ಲ, ಗಡಿಯಾರ. ವ್ಯತ್ಯಾಸವೆಂದರೆ ಅಲ್ಲಿ ಆ ಗಡಿಯಾರದ ಹಿಂದೆ ಬೇರೊಂದು ಯಂತ್ರವಿರುವುದು; ನಮ್ಮ ಅಳಿಯನ ಕೊಠಡಿಯಲ್ಲಿ ಅದಿರಲಿಲ್ಲ.

ಅವನು ಪೇಟೆಯಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಂಗೈಯಗಲದ ಟೈಮರೊಂದನ್ನು ತಂದು, ಇಪ್ಪತ್ತನಾಲ್ಕು ಟ್ಯೂಬುಗಳ ತಂತಿಗಳನ್ನೂ ಒಂದು ಎಕ್ಸ್‌ಟೆನ್ಷನ್ ಪೆಟ್ಟಿಗೆಗೆ ಕೂಡಿಸಿ, ಆ ಪೆಟ್ಟಿಗೆಯನ್ನು ಟೈಮರಿಗೆ ಸಿಕ್ಕಿಸಿದ್ದನು. ಟೈಮರಿನ ಮೇಲೆ ೧೬ ಆಂಪಿಯರ್ ಎಂದು ಅಚ್ಚೊತ್ತಿತ್ತು. ಟ್ಯೂಬು ಒಂದಕ್ಕೆ ೨೦ ವಾಟ್. ಇಪ್ಪತ್ತನಾಲ್ಕಕ್ಕೆ ೪೮೦ ವಾಟ್. ೨೩೦ ವೋಲ್ಟಿನಿಂದ ಭಾಗಿಸಿದರೆ ಎರಡು ಆಂಪಿಯರಿಗೆ ತುಸು ಮೇಲೆ. ಹದಿನಾರು ಹೊರಬಲ್ಲವನಿಗೆ ಎರಡು ಯಾವ ಲೆಕ್ಕ! ಅಳಿಯನ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕದೊಳಕ್ಕೆ ಬಾರದ ಸಂಗತಿಯೊಂದಿತ್ತು.

ನಂಜನಗೂಡಿನ ದೊಡ್ಡಜಾತ್ರೆಯ ಕಾಲ. ಶ್ರೀಕಂಠೇಶ್ವರಸ್ವಾಮಿಯ ಐದು ರಥಗಳನ್ನು ನೋಡಲು ನಾವೆಲ್ಲರೂ ಹೊರಟು, ಅಲ್ಲಿಯ ನೆಂಟರ ಮನೆಯಲ್ಲಿ ಎರಡು ರಾತ್ರಿ ಉಳಿದೆವು. ಮೂರನೆಯ ದಿನ ಸಂಜೆಗತ್ತಲಾದ ಮೇಲೆ ಕವಲಂದೆಗೆ ಹಿಂದಿರುಗಿದಾಗ ಗಂಟೆ ಒಂಬತ್ತಾಗಿತ್ತು. ಎಂಟಕ್ಕೆ ಆರಬೇಕಾದ ದೀಪಗಳು ಗವಾಕ್ಷಿಯಿಂದ ಹೊರಕ್ಕೆ ಧಗಧಗನೆ ಕಾಣುತ್ತಿದ್ದವು. ಬಾಗಿಲು ತೆಗೆದೊಡನೆ ಅಕ್ಕ ಮೂಗಿಗೆ ಸೆರಗು ಹಿಡಿದು, “ಏನೋ ಸೀದ ವಾಸನೆ, ಮೊದಲು ಮೈನ್ ಆರಿಸಿರೋ” ಎಂದು ಕೂಗಿಕೊಂಡಳು. ಆ ಮಾತು ಆ ರಾತ್ರಿ ನಮ್ಮೆಲ್ಲರ ಬುದ್ಧಿಗಿಂತಲೂ ಮುಂದಿತ್ತು. ಮೈನ್ ಆರಿಸಿ ಟಾರ್ಚು ಹಿಡಿದು ನೋಡಿದರೆ ಟೈಮರಿನ ಒಂದು ಪಕ್ಕ ಕಂದುಬಣ್ಣಕ್ಕೆ ತಿರುಗಿ ಉಬ್ಬಿತ್ತು. ಅದರ ಕೆಳಗೆ, ಒಂದು ಗೇಣಿಗಿಂತಲೂ ಸಮೀಪದಲ್ಲಿ, ಹೂವು ತುಂಬುವುದಕ್ಕೆಂದು ಒಟ್ಟಿದ್ದ ಗೋಣಿಚೀಲಗಳು. ಮೇಲೆ ನೂರು ವರ್ಷದ ಒಣಗಿದ ಮರದ ತೊಲೆ. ಇನ್ನೊಂದು ರಾತ್ರಿ ನಾವು ನಂಜನಗೂಡಿನಲ್ಲಿಯೇ ನಿಂತಿದ್ದರೆ ಏನಾಗುತ್ತಿತ್ತೆಂಬುದನ್ನು ಅಕ್ಕನು ಇಂದಿಗೂ ಬಾಯಿಬಿಟ್ಟು ಹೇಳಲೊಲ್ಲಳು.

ಮರುದಿನ ಊರಿನ ವೈರ್‌ಮನ್ನನು ಬಂದನು. ಸುತ್ತಲಿನ ಪಂಪುಸೆಟ್ಟುಗಳನ್ನೆಲ್ಲ ನೋಡಿಕೊಳ್ಳುವ, ಮಿತವಾಗಿ ಮಾತನಾಡುವ ಮನುಷ್ಯ. ಟೈಮರನ್ನು ಬಿಚ್ಚಿ, ಒಳಗೆ ಬೇಳೆಕಾಳಿನಷ್ಟು ಸಣ್ಣದಾದ ಎರಡು ಲೋಹದ ಬೊಟ್ಟುಗಳು ಒಂದಕ್ಕೊಂದು ಬೆಸೆದುಹೋಗಿರುವುದನ್ನು ಚಿಮ್ಮಟದ ತುದಿಯಿಂದ ತೋರಿಸಿದನು.

“ಗಡಿಯಾರ ಇನ್ನೂ ನಡೀತಾನೇ ಇದೆ, ಸ್ವಾಮಿ. ಎಂಟು ಗಂಟೆಗೆ ಬಿಡು ಅಂತ ಅದು ಹೇಳ್ತು. ಬಿಡೋದಕ್ಕೆ ಇದರ ಕೈಲಿ ಆಗಲಿಲ್ಲ. ಗಡಿಯಾರದ ತಲೆ ಮೇಲೆ ಹೊರೆ ಹೊರಿಸಿದ್ದೀರಿ.”

ಎರಡೇ ಆಂಪಿಯರು ಹೊರೆಯಾದುದು ಹೇಗೆ? ಎಲ್.ಇ.ಡಿ. ದೀಪದೊಳಗೆ ಡ್ರೈವರ್ ಎಂಬ ಸಣ್ಣ ಸಲಕರಣೆಯುಂಟು; ಅದರಲ್ಲಿ ವಿದ್ಯುತ್ತನ್ನು ಕ್ಷಣಕಾಲ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇರುವುದು. ಗುಂಡಿ ಒತ್ತಿದ ಕ್ಷಣದಲ್ಲಿ ಬರಿದಾದ ಕೆಪಾಸಿಟರು ಬಾಯಾರಿದ ದನದಂತೆ ಒಮ್ಮೆಲೇ ವಿದ್ಯುತ್ತನ್ನು ಹೀರುವುದು. ಈ ಮೊದಲ ನುಗ್ಗಾಟವು ಒಂದು ಸೆಕೆಂಡಿನ ಸಾವಿರದೊಂದು ಭಾಗದಷ್ಟು ಕಾಲವೂ ಇರಲಾರದು. ಆದರೆ ಆ ಅಲ್ಪಕಾಲದಲ್ಲಿ ಪ್ರವಾಹವು ಸಾಮಾನ್ಯ ಮಟ್ಟದ ಹತ್ತಾರು ಪಟ್ಟಿಗೆ ಏರುವುದು. ಇಪ್ಪತ್ತನಾಲ್ಕು ದೀಪಗಳು ಒಂದೇ ಗುಟುಕಿಗೆ ಬಾಯಿಹಾಕಿದರೆ ಬೇಳೆಕಾಳಿನ ಗಾತ್ರದ ಬೊಟ್ಟುಗಳ ನಡುವೆ ಕಿಡಿ ಹಾರಿ, ಲೋಹ ಕರಗಿ, ಒಂದು ದಿನ ಅಂಟಿಕೊಳ್ಳುವುದು ಆಶ್ಚರ್ಯವಲ್ಲ. ಟೈಮರಿನ ಮೇಲಿನ ೧೬ ಆಂಪಿಯರೆಂಬುದು ನೀರು ಕಾಯಿಸುವ ಕಾಯಿಲಿನಂತಹ, ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿ ವಿದ್ಯುತ್ತನ್ನು ಎಳೆಯುವ ಸಲಕರಣೆಗಳಿಗೆ ಹೇಳಿದ ಮಾತು. ದೀಪಗಳಿಗೆ ಎಷ್ಟೆಂಬುದನ್ನು ಸಾಮಾನ್ಯವಾಗಿ ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಬೇರೆಯಾಗಿ ಹಾಕಿರುವರು. ಆ ಚೀಟಿಯನ್ನು ನಾವಾರೂ ಓದಿರಲಿಲ್ಲ. ಇದರ ಜೊತೆಗೆ ಹಳೆಯ ಸಾಕೆಟ್ಟಿನ ಹಿಡಿತವೂ ಸಡಿಲವಾಗಿತ್ತು. ಸಡಿಲವಾದ ಕೂಡುವಿಕೆಯು ಅಲ್ಪಪ್ರವಾಹಕ್ಕೂ ಬಿಸಿಯಾಗುವುದು.

ಇದಕ್ಕೆ ಪರಿಹಾರವನ್ನು ನಮ್ಮ ರೈತರು ದಿನವೂ ಕೈಯಿಂದ ಮುಟ್ಟುತ್ತಿರುವರೆಂಬುದೇ ಸ್ವಾರಸ್ಯ. ಪಂಪುಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಸಿರು ಗುಂಡಿಯನ್ನು ಮೆಲ್ಲನೆ ಒತ್ತಿದರೆ ಒಳಗೆ ಟಕ್ಕೆಂದು ಗಟ್ಟಿಯಾದ ಸದ್ದು ಕೇಳಿಸುವುದಷ್ಟೆ. ಆ ಸದ್ದು ಮಾಡುವುದೇ ಕಾಂಟ್ಯಾಕ್ಟರು. ಅದರಲ್ಲಿ ತಂತಿ ಸುತ್ತಿದ ಒಂದು ಸುರುಳಿ. ಸುರುಳಿಗೆ ವಿದ್ಯುತ್ತು ಬಂದೊಡನೆ ಅದು ಅಯಸ್ಕಾಂತವಾಗಿ ಒಂದು ಕಬ್ಬಿಣದ ತುಂಡನ್ನು ಸೆಳೆಯುವುದು. ಆ ತುಂಡಿಗೆ ಜೋಡಿಸಿದ ಅಗಲವಾದ ಲೋಹದ ಬೊಟ್ಟುಗಳು ಬಲವಾಗಿ ಕೂಡಿಕೊಂಡು ಮೋಟಾರಿಗೆ ದಾರಿ ಬಿಡುವುವು. ಸುರುಳಿಯ ವಿದ್ಯುತ್ತು ನಿಂತರೆ ಸ್ಪ್ರಿಂಗು ತುಂಡನ್ನು ಹಿಂದಕ್ಕೆ ನೂಕುವುದು. ಗುಂಡಿ ಒತ್ತುವ ಬೆರಳಿಗೆ ಬೇಕಾದುದು ಅಲ್ಪಬಲ, ಮೋಟಾರಿನ ಭಾರವನ್ನು ಹೊರುವುದು ಕಾಂಟ್ಯಾಕ್ಟರು. ಬೆರಳಿನ ಬದಲು ಟೈಮರನ್ನು ಇಟ್ಟರೆ ದೀಪದ ಏರ್ಪಾಡಾಯಿತು. ಟೈಮರು ಸುರುಳಿಯೊಂದನ್ನು ಮಾತ್ರ ಎಬ್ಬಿಸಿ ಮಲಗಿಸುವುದು. ಅದಕ್ಕೆ ಬೇಕಾಗುವ ಪ್ರವಾಹ ಅತ್ಯಲ್ಪ. ದೀಪಗಳ ನುಗ್ಗಾಟವೆಲ್ಲ ಕಾಂಟ್ಯಾಕ್ಟರಿನ ದಪ್ಪ ಬೊಟ್ಟುಗಳ ಮೇಲೆ.

ಇದನ್ನು ಕೇಳಿದೊಡನೆ ಅಳಿಯನು ಬಾವಿಯ ಮನೆಯಲ್ಲಿ ಬಿದ್ದಿದ್ದ ಹಳೆಯ ಸ್ಟಾರ್ಟರೊಂದನ್ನು ಬಿಚ್ಚಿ ತರುವೆನೆಂದು ಎದ್ದನು. ವೈರ್‌ಮನ್ನನು ಅವನನ್ನು ತಡೆದುದು ಒಳ್ಳೆಯದಾಯಿತು. ಮೂರು ಫೇಸಿನ ಪಂಪುಸೆಟ್ಟಿನ ಕಾಂಟ್ಯಾಕ್ಟರಿನ ಸುರುಳಿಯು ಸಾಮಾನ್ಯವಾಗಿ ೪೧೫ ವೋಲ್ಟಿನದು. ಮನೆಯ ೨೩೦ ವೋಲ್ಟನ್ನು ಅದಕ್ಕೆ ಕೊಟ್ಟರೆ ಕಬ್ಬಿಣವನ್ನು ಪೂರ್ತಿಯಾಗಿ ಸೆಳೆಯಲಾರದೆ ಗುಂಯ್ಗುಡುತ್ತ ಬಿಸಿಯಾಗುವುದೇ ಹೊರತು ಕೆಲಸಕ್ಕೆ ಬಾರದು. ಸುರುಳಿಯ ವೋಲ್ಟನ್ನು ಅದರ ಮೇಲೆಯೇ ಬರೆದಿರುವುದು. ಕೊಳ್ಳುವಾಗ ಮೊದಲು ನೋಡತಕ್ಕದ್ದು ಅದನ್ನೇ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತೊಂದರೆಯೂ ಉಂಟು. ಬರೆದ ವೋಲ್ಟಿನ ನೂರಕ್ಕೆ ೮೫ ಭಾಗದಿಂದ ೧೧೦ ಭಾಗದವರೆಗೆ ಮಾತ್ರ ಕಾಂಟ್ಯಾಕ್ಟರು ನೆಟ್ಟಗೆ ಕೆಲಸ ಮಾಡುವುದೆಂದು ನಿಯಮ. ಅಂದರೆ ೨೩೦ರ ಸುರುಳಿಗೆ ೧೯೫ ವೋಲ್ಟಾದರೂ ಬೇಕು. ಸಂಜೆ ದೀಪಗಳು ಮಂಕಾಗುವ ಊರಿನಲ್ಲಿ ವೋಲ್ಟು ಇನ್ನೂ ಕೆಳಗಿಳಿದರೆ ಕಾಂಟ್ಯಾಕ್ಟರು ಹಿಡಿಯುತ್ತ ಬಿಡುತ್ತ ಪಟಪಟನೆ ಬಡಿದುಕೊಳ್ಳುವುದು. ಆ ಬಡಿತದಿಂದ ದಪ್ಪ ಬೊಟ್ಟುಗಳೂ ಬೆಸೆದುಹೋದಾವು. ಅಂತಹ ಕಡೆ ವೋಲ್ಟು ಇಳಿದರೆ ಸುರುಳಿಯನ್ನು ತಾನಾಗಿಯೇ ಬಿಡಿಸಿ, ಸರಿಯಾಗಿ ಕೆಲವು ನಿಮಿಷಗಳಾದ ಮೇಲೆ ಮತ್ತೆ ಕೂಡಿಸುವ ಕಾವಲು ರಿಲೇಯೊಂದನ್ನು ಸೇರಿಸುವುದು ಲೇಸು.

ಕಾಂಟ್ಯಾಕ್ಟರಿಗೂ ಒಂದೇ ಆಂಪಿಯರಿನ ಬೆಲೆಯಿಲ್ಲ. ಎಸಿ-೧ ಎಂಬ ಗುರುತಿನ ಮುಂದೆ ಇರುವುದು ಕಾಯಿಲಿನಂತಹ ಸಾಧು ಹೊರೆಗೆ, ಎಸಿ-೩ ಎಂಬುದು ಮೋಟಾರಿಗೆ, ಎಸಿ-೫ಎ ಎಂಬುದು ಚೋಕಿನ ಟ್ಯೂಬುಗಳಂತಹ ದೀಪಗಳಿಗೆ ಹೇಳಿದ್ದು. ಎಲ್.ಇ.ಡಿ.ಗೆ ಎಷ್ಟು ದೀಪಗಳೆಂಬುದನ್ನು ತಯಾರಕರ ಪಟ್ಟಿಯಿಂದಲೇ ತಿಳಿಯಬೇಕು. ಅಂಗಡಿಯವನು “ಇದು ದೊಡ್ಡದು, ತೆಗೆದುಕೊಳ್ಳಿ” ಎಂದರೆ ಒಪ್ಪಿಕೊಳ್ಳಬಾರದು.

ಈಗ ಕವಲಂದೆಯ ಮನೆಯಲ್ಲಿ ಮಾಡಿರುವ ಏರ್ಪಾಡನ್ನು ಹೇಳುತ್ತೇನೆ. ಇದನ್ನು ಓದಿ ವಾಚಕರು ತಾವೇ ಇಕ್ಕುಳ ಹಿಡಿಯಲೆಂಬುದು ನನ್ನ ಉದ್ದೇಶವಲ್ಲ. ಪರವಾನಗಿಯುಳ್ಳವನಿಂದಲೇ ಕೆಲಸ ಮಾಡಿಸತಕ್ಕದ್ದು. ಆದರೆ ಮಾಡಿಸುವ ಯಜಮಾನನಿಗೂ ಯಜಮಾನಿತಿಗೂ ಏನು ನಡೆಯುತ್ತಿದೆಯೆಂಬುದು ತಿಳಿದಿರಬೇಕು. ಮೀಟರಿನಿಂದ ಬಂದ ದಾರಿಯಲ್ಲಿ ಮೊದಲು ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.; ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ ಅಷ್ಟು ಅಂತರ ಕಂಡರೆ, ಅಂದರೆ ಯಾರದೋ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಅದು ಸೋರಿದರೆ, ಇದು ಕಣ್ಣುಮಿಟುಕಿಸುವಷ್ಟರಲ್ಲಿ ದಾರಿಯನ್ನು ಕಡಿಯುವುದು. ಆಮೇಲೆ ಆ ಕೊಠಡಿಗೆಂದೇ ೬ ಆಂಪಿಯರಿನ ಎಂ.ಸಿ.ಬಿ.; ಮೊದಲ ನುಗ್ಗಾಟಕ್ಕೆ ಸುಳ್ಳುಸುಳ್ಳಾಗಿ ಬೀಳದಂತೆ ಸಿ ಎಂಬ ಜಾತಿಯದು. ಅದರ ಮುಂದೆ ಎರಡು ಕಾಂಟ್ಯಾಕ್ಟರುಗಳು, ಒಂದೊಂದಕ್ಕೆ ಹನ್ನೆರಡು ದೀಪ. ಎರಡನೆಯದು ಮೊದಲನೆಯದಕ್ಕಿಂತ ಒಂದು ನಿಮಿಷ ತಡವಾಗಿ ಕೂಡುವಂತೆ ಏರ್ಪಡಿಸಿರುವುದರಿಂದ, ಕರೆಂಟು ಹೋಗಿ ಬಂದಾಗಲೂ ಇಪ್ಪತ್ತನಾಲ್ಕು ದೀಪಗಳು ಒಮ್ಮೆಲೇ ನುಗ್ಗುವುದಿಲ್ಲ. ದೀಪಗಳ ತಂತಿ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ್ದು.

ಕಾಂಟ್ಯಾಕ್ಟರು ಎರಡು ಧ್ರುವದ್ದಾಗಿರಬೇಕೆಂದು ವೈರ್‌ಮನ್ನನು ಹಟಹಿಡಿದನು. ಕಾರಣವನ್ನು ಕೇಳಿದ ಮೇಲೆ ನನಗೂ ಸರಿಯೆನಿಸಿತು. ಹಳೆಯ ಮನೆಗಳಲ್ಲಿ ಫೇಸು ನ್ಯೂಟ್ರಲ್‌ಗಳು ಅದಲುಬದಲಾಗಿರುವುದು ಅಪರೂಪವಲ್ಲ. ಗುಂಡಿಯು ನ್ಯೂಟ್ರಲ್ಲನ್ನು ಮಾತ್ರ ಕಡಿದರೆ ದೀಪವು ಆರಿದಂತೆ ಕಂಡರೂ ಅದರೊಳಗೆ ಜೀವವಿರುವುದು; ಒದ್ದೆಗೈಯಿಂದ ತಟ್ಟೆ ಎತ್ತುವಾಗ ದೀಪದ ತುದಿಗೆ ತಗಲಿದರೆ ಕೇಡು. ಅಲ್ಲದೆ ಇಂತಹ ಕಡೆ ಎಲ್.ಇ.ಡಿ. ದೀಪಗಳು ಆರಿದ ಮೇಲೆಯೂ ಮಿಣುಕುಮಿಣುಕಾಗಿ ಹೊಳೆಯುತ್ತಿರುವುದುಂಟು, ಇರುಳನ್ನು ಅಳೆಯುವ ಗಿಡಕ್ಕೆ ಕತ್ತಲೆಯು ಕತ್ತಲೆಯಾಗಿ ಉಳಿಯುವುದಿಲ್ಲ. ಎರಡು ತಂತಿಗಳನ್ನೂ ಒಟ್ಟಿಗೆ ಕಡಿದರೆ ಈ ಎರಡು ತೊಂದರೆಗಳೂ ತಪ್ಪುವುವು. ಆದರೂ ದೀಪಕ್ಕೆ ಕೈಹಾಕುವ ಮೊದಲು ಎಂ.ಸಿ.ಬಿ.ಯನ್ನು ಕೆಳಗಿಳಿಸಲೇಬೇಕು. ಗಡಿಯಾರವು ಆರಿಸಿದೆಯೆಂಬ ಧೈರ್ಯದಿಂದ ಕೈಯಿಟ್ಟವರಿಗೆ ಅದೇ ಗಡಿಯಾರವು ಮರುಕ್ಷಣದಲ್ಲಿ ಹೊತ್ತಿಸೀತು.

ಕಾಂಟ್ಯಾಕ್ಟರಿನಿಂದ ದೊರೆಯುವ ಇನ್ನೊಂದು ಲಾಭವನ್ನು ನಾನು ಮೊದಲು ಊಹಿಸಿರಲಿಲ್ಲ. ಸುರುಳಿಗೆ ಹೋಗುವ ಸಣ್ಣ ತಂತಿಯ ದಾರಿಯಲ್ಲಿ ಯಾರೇ ಅಡ್ಡನಿಂತರೂ ದೀಪಗಳೆಲ್ಲ ಆರುವುವು. ಟೈಮರಿನ ಸಂಗಡ ಅದೇ ದಾರಿಯಲ್ಲಿ, ಕೊಠಡಿಯ ಶಾಖವು ೩೫ ಡಿಗ್ರಿಯನ್ನು ಮೀರಿದರೆ ಬಿಟ್ಟುಕೊಳ್ಳುವ ಒಂದು ಥರ್ಮೋಸ್ಟಾಟನ್ನೂ ಬಾಗಿಲ ಹೊರಗೆ ಕೈಗುಂಡಿಯೊಂದನ್ನೂ ಸೇರಿಸಿದ್ದಾರೆ. ಹಂಚಿನ ಮನೆಯ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಈ ಥರ್ಮೋಸ್ಟಾಟಿಗೆ ಕೆಲಸ ತಪ್ಪಿದ್ದಲ್ಲ.

ಇಷ್ಟಾದರೂ ಕಾಂಟ್ಯಾಕ್ಟರು ರಕ್ಷಕನೆಂದು ಯಾರೂ ತಿಳಿಯಬಾರದು. ಅದು ಹೊರೆಯಾಳು ಮಾತ್ರ. ಬೆಂಕಿಗೆ ಎಂ.ಸಿ.ಬಿ.ಯೂ, ಪ್ರಾಣಕ್ಕೆ ಆರ್.ಸಿ.ಸಿ.ಬಿ.ಯೂ ಅರ್ಥಿಂಗೂ ಬೇರೆಯಾಗಿ ಇರಲೇಬೇಕು. ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ನೀರು, ಅದರ ಮೇಲೆ ವಿದ್ಯುತ್ತು: ಇಂತಹ ಕಡೆ ಅಟ್ಟಣಿಗೆಗೇ ಹಸಿರು ತಂತಿಯನ್ನು ಬಿಗಿದು ಭೂಮಿಗೆ ಕೂಡಿಸದಿರುವುದು ಅವಿವೇಕ. ಅಕ್ಕನ ಮನೆಯ ಅರ್ಥಿನ ಗುಂಡಿಯನ್ನು ತೋಡಿ ನೋಡಿದಾಗ ಕೊಳವೆಗೂ ತಂತಿಗೂ ಸಂಬಂಧವೇ ತಪ್ಪಿತ್ತು! ಎಷ್ಟು ವರ್ಷಗಳಿಂದ ಹಾಗಿತ್ತೋ ದೇವರೇ ಬಲ್ಲ. ವಾಚಕರು ಬೇರೇನನ್ನೂ ಮಾಡದಿದ್ದರೂ ಈ ಒಂದನ್ನು ತಮ್ಮ ಮನೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ.

ಸಲಕರಣೆಗಳ ಪೆಟ್ಟಿಗೆಯು ನೀರಿನ ತಟ್ಟೆಗಳಿಗಿಂತ ಮೇಲೆ, ಕೊಠಡಿಯ ಬಾಗಿಲಿನ ಬಳಿ ಇರತಕ್ಕದ್ದು. ಮರದ ಹಲಗೆಯ ಮೇಲಲ್ಲ, ಮುಚ್ಚಳವುಳ್ಳ ಲೋಹದ ಪೆಟ್ಟಿಗೆಯಲ್ಲಿ. ದೀಪಕ್ಕೆ ಬರುವ ತಂತಿಯು ಸಂದಿಗಿಂತ ಕೆಳಗೆ ಜೋತುಬಿದ್ದು ಮೇಲಕ್ಕೇರುವಂತಿದ್ದರೆ, ಅದರ ಮೇಲೆ ಜಾರಿದ ನೀರು ಜೋಲಿನ ತುದಿಯಿಂದ ತೊಟ್ಟಿಕ್ಕುವುದೇ ಹೊರತು ಸಂದಿಯೊಳಕ್ಕೆ ಹೋಗದು. ಪೆಟ್ಟಿಗೆಯ ತೂತುಗಳನ್ನೆಲ್ಲ ಮುಚ್ಚಿಸಬೇಕು. ಪಂಪುಸೆಟ್ಟಿನ ಸ್ಟಾರ್ಟರಿನಲ್ಲಿ ಇರುವೆಗಳು ಗೂಡುಕಟ್ಟಿ, ಹಲ್ಲಿಯೊಂದು ಬೊಟ್ಟುಗಳ ನಡುವೆ ಸಿಕ್ಕಿ ಮೋಟಾರು ನಿಂತ ಕಥೆಯನ್ನು ನಮ್ಮ ಕಡೆಯ ರೈತರಲ್ಲಿ ಹೇಳದವರಿಲ್ಲ. ಒಳಮನೆಯ ಬೆಚ್ಚನೆಯ ಪೆಟ್ಟಿಗೆಯು ಅವುಗಳಿಗೆ ಇನ್ನೂ ಪ್ರಿಯ.

ಟೈಮರಿನ ಆಯ್ಕೆಯ ವಿಷಯದಲ್ಲಿ ಒಂದು ಮಾತು. ಸುತ್ತಲೂ ಹಲ್ಲುಗಳಿರುವ, ಹಲ್ಲೊಂದಕ್ಕೆ ಕಾಲುಗಂಟೆಯಂತೆ ೯೬ ಹಲ್ಲುಗಳ ಚಕ್ರವುಳ್ಳ ಟೈಮರು ನೋಡಲು ಸರಳ, ಬೆಲೆಯೂ ಕಡಮೆ. ಆದರೆ ಅದರ ಚಕ್ರವನ್ನು ತಿರುಗಿಸುವುದು ಮನೆಯ ವಿದ್ಯುತ್ತೇ. ಎರಡು ಗಂಟೆ ಕರೆಂಟು ಹೋದರೆ ಗಡಿಯಾರವೂ ಎರಡು ಗಂಟೆ ನಿದ್ದೆಮಾಡಿ, ಅಂದಿನಿಂದ ನಾಲ್ಕರ ದೀಪ ಆರಕ್ಕೆ ಹೊತ್ತುವುದು. ವಾರಕ್ಕೆ ಮೂರು ಸಲ ಹೀಗಾದರೆ ಗಿಡಕ್ಕೆ ಹಗಲಾವುದು ಇರುಳಾವುದು ತಿಳಿಯದು. ಒಳಗೆ ಸಣ್ಣ ಬ್ಯಾಟರಿಯಿದ್ದು ಕರೆಂಟು ಹೋದಾಗಲೂ ಕಾಲವನ್ನು ಮರೆಯದ ಟೈಮರಿಗೆ ತುಸು ಹೆಚ್ಚು ಹಣ ಕೊಡುವುದೇ ಸರಿ. ಇನ್ನು ಎರಡು ಮೂರು ದೀಪಗಳನ್ನು ಮಾತ್ರ ಇಟ್ಟುಕೊಂಡು ಕೊತ್ತಂಬರಿ, ಮೆಂತ್ಯಗಳ ತಟ್ಟೆ ಬೆಳೆಸುವ ಪಟ್ಟಣದ ಗೃಹಿಣಿಯರಿಗೆ ಕಾಂಟ್ಯಾಕ್ಟರಿನ ಗೊಡವೆ ಬೇಡ. ದೀಪಗಳಿಗೆ ತಕ್ಕುದೆಂದು ಚೀಟಿಯಲ್ಲಿ ಬರೆದಿರುವ ಒಳ್ಳೆಯ ಟೈಮರು, ಬಿಗಿಯಾದ ಸಾಕೆಟ್ಟು, ಆರ್.ಸಿ.ಸಿ.ಬಿ., ಇಷ್ಟಿದ್ದರೆ ಸಾಕು. ಸಣ್ಣ ಸಂಸಾರಕ್ಕೆ ದೊಡ್ಡ ಕೊಪ್ಪರಿಗೆ ಏತಕ್ಕೆ?

ಖರ್ಚಿನ ಲೆಕ್ಕವನ್ನು ಮುಚ್ಚಿಡಬಾರದು. ೪೮೦ ವಾಟಿನ ದೀಪಗಳು ಹದಿನಾರು ಗಂಟೆ ಉರಿದರೆ ದಿನಕ್ಕೆ ಏಳೂವರೆ ಯೂನಿಟ್ಟಿಗ��ತ ಹೆಚ್ಚು, ತಿಂಗಳಿಗೆ ಸುಮಾರು ೨೩೦. ಗೃಹಜ್ಯೋತಿ ಯೋಜನೆಯು ೨೦೨೩ರಲ್ಲಿ ೨೦೦ ಯೂನಿಟ್ಟಿನ ಮಿತಿಯೊಡನೆ ಆರಂಭವಾಯಿತಷ್ಟೆ. ಅಟ್ಟಣಿಗೆಯ ದೀಪಗಳೊಂದೇ ಆ ಮಿತಿಯನ್ನು ದಾಟಿಬಿಡುವುವು. ಮೊದಲ ಬಿಲ್ಲು ಬಂದಾಗ ಅಕ್ಕನ ಮುಖವನ್ನು ನೋಡಬೇಕಾಗಿತ್ತು. ಅಲ್ಲದೆ ಮಾರಾಟಕ್ಕಾಗಿ ಸಸಿ ಬೆಳೆಸುವವರು ಮನೆಯ ಸಂಪರ್ಕದಲ್ಲಿಯೇ ಅದನ್ನು ನಡೆಸಬಹುದೇ, ಪ್ರತ್ಯೇಕ ಸಂಪರ್ಕ ಬೇಕೇ ಎಂಬುದನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಛೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಅಳಿಯನು ಈಗ ತಾಯಿಗಿಡಗಳನ್ನು ಹಗಲೆಲ್ಲ ಅಂಗಳದ ಬಿಸಿಲಿನಲ್ಲಿಟ್ಟು, ರಾತ್ರಿ ಮಾತ್ರ ನಾಲ್ಕು ಗಂಟೆಯ ದೀಪಕ್ಕೆ ಒಳಗೆ ತರುತ್ತಿದ್ದಾನೆ. ಹದಿನಾರು ಗಂಟೆಯ ದೀಪವನ್ನು ಬೇರುಬಿಡುವ ಕುಡಿಗಳ ಎರಡು ಅಂತಸ್ತುಗಳಿಗೆ ಮಾತ್ರ ಉಳಿಸಿಕೊಂಡಿದ್ದಾನೆ. ದೀಪಗಳನ್ನು ಎರಡು ಕಾಂಟ್ಯಾಕ್ಟರುಗಳಿಗೆ ಹಂಚಿದ್ದು ಇಲ್ಲಿ ಅನುಕೂಲಕ್ಕೆ ಬಂದಿತು. ತಂತಿಗಳನ್ನು ಹೊಸದಾಗಿ ಪಾಲುಮಾಡಿ ಒಂದೊಂದಕ್ಕೆ ಒಂದೊಂದು ವೇಳೆಯನ್ನು ಗೊತ್ತುಮಾಡಲಾಗಿದೆ. ನನ್ನ ಮೊದಲ ಪ್ರಶ್ನೆಗೆ ಅಷ್ಟರಮಟ್ಟಿಗೆ ಬೆಲೆ ಬಂದಂತಾಯಿತೆಂದು ನಾನು ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ.

ಕಾಂಟ್ಯಾಕ್ಟರು ಉರಿಯುವ ಹೊತ್ತಿನಲ್ಲಿ ಸಣ್ಣಗೆ ಗುಂಯ್ಗುಡುವುದುಂಟು. ಪೆಟ್ಟಿಗೆಯು ಅಕ್ಕನು ಮಲಗುವ ಕೋಣೆಯ ಗೋಡೆಗೇ ಇದ್ದುದರಿಂದ “ಗೋಡೆಯೊಳಗೆ ಕಣಜ ಸಾಕಿದ್ದೀಯೆ” ಎಂದು ಮಗನನ್ನು ಗದರಿಸಿದಳು; ಅದನ್ನು ಹಿತ್ತಿಲ ಕಡೆಯ ಗೋಡೆಗೆ ಸಾಗಿಸಬೇಕಾಯಿತು. ತಿಂಗಳ ಮೊದಲನೆಯ ದಿನ ಆರ್.ಸಿ.ಸಿ.ಬಿ.ಯ ಪರೀಕ್ಷೆಯ ಗುಂಡಿಯನ್ನು ಒತ್ತಿ ಅದು ಬೀಳುವುದೋ ಇಲ್ಲವೋ ನೋಡುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ, ಮಗನ ಮೇಲೆ ನಂಬಿಕೆಯಿಲ್ಲ. ಜಾತ್ರೆಗೆ ಹೊರಡುವಾಗ ಮೈನನ್ನೇ ಇಳಿಸಿ, ಗಿಡಗಳನ್ನು ಅಂಗಳಕ್ಕೆ ಹಾಕಿ, ಪಕ್ಕದ ಮನೆಯವರಿಗೆ ನೀರು ಹಾಕಲು ಹೇಳಿ ಬರುವುದು ಈಗ ಆ ಮನೆಯ ಪದ್ಧತಿ. ಉಳಿದ ದಿನಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಸರಿಯಾಗಿ ಹಿತ್ತಿಲ ಗೋಡೆಯಿಂದ ಟಕ್ಕೆಂಬ ಸದ್ದು ಕೇಳಿಸುವುದು. ಆ ಸದ್ದಿಗೆ ಅಕ್ಕ ಎದ್ದು ಬಾಗಿಲಿಗೆ ನೀರು ಹಾಕುವಳು.